ಅಕ್ಕನಿಗೆ ಅಂಡಾಶಯದ ಕ್ಯಾನ್ಸರ್, ಯಾರ ಹತ್ತಿರವೂ ಬಾಯಿ ಬಿಡುತ್ತಿಲ್ಲ

ಮಳೆಹನಿ:
ಅಕ್ಕನಿಗೆ 47 ವರ್ಷ. ಆರೇಳು ತಿಂಗಳು ಹೊಟ್ಟೆ ಉಬ್ಬರ, ನಾಲ್ಕು ತುತ್ತು ತಿಂದರೆ ಸಾಕು ಅನ್ನಿಸುವುದು, ಮತ್ತೆ ಮತ್ತೆ ಮೂತ್ರಕ್ಕೆ ಹೋಗುವುದು. ಗ್ಯಾಸ್ ಅಂದುಕೊಂಡು ಮಾತ್ರೆ ನುಂಗಿ ಸುಮ್ನಿದ್ದಳು. ಈಗ ಅಂಡಾಶಯದ ಕ್ಯಾನ್ಸರ್, ಮೂರನೇ ಹಂತ ಅಂದಿದ್ದಾರೆ. ಆಪರೇಷನ್ ಆಗಿ ಎರಡು ಕೀಮೋ ಮುಗಿದಿವೆ. ಹೋದ ವರ್ಷ ಪ್ಯಾಪ್ ಟೆಸ್ಟ್ ನಾರ್ಮಲ್ ಬಂದಿತ್ತು, "ಹಾಗಾದರೆ ನಾನೇ ಏನೋ ತಪ್ಪು ಮಾಡಿದ್ದೀನಿ" ಅಂತ ಅದನ್ನೇ ಹೇಳಿ ಅಳುತ್ತಾಳೆ. ಕೇಳಿದವರಿಗೆಲ್ಲ "ಗಡ್ಡೆ ತೆಗೆದರು" ಅಂತಷ್ಟೇ ಹೇಳಬೇಕಂತೆ. ರಾತ್ರಿ ಮೈಯೆಲ್ಲ ಕಾವು, ಬೆವರು, ನಿದ್ದೆ ಇಲ್ಲ. ಭಾವನ ಜೊತೆಗೂ ಮಾತು ಕಡಿಮೆಯಾಗಿದೆ. ಡಾಕ್ಟರನ್ನು ಕೇಳು ಅಂದರೆ "ಅದನ್ನೆಲ್ಲ ಹೇಗೆ ಕೇಳೋದು" ಅನ್ನುತ್ತಾಳೆ. ಸಪೋರ್ಟ್ ಗ್ರೂಪ್‌ನಿಂದ ಉಪಯೋಗ ಇದೆಯಾ? ನಾನೂ ಏನಾದರೂ ಟೆಸ್ಟ್ ಮಾಡಿಸಬೇಕಾ?

ಸಂಜೆಮಲ್ಲಿಗೆ:
ಮೊದಲು ಅಕ್ಕನಿಗೆ ಇದೊಂದು ಹೇಳಿ. ಪ್ಯಾಪ್ ಟೆಸ್ಟ್ ನೋಡುವುದು ಗರ್ಭಕೋಶದ ಬಾಯಿಯನ್ನು. ಅಂಡಾಶಯದ ಕ್ಯಾನ್ಸರ್ ಅದರಲ್ಲಿ ಸಿಗುವುದಿಲ್ಲ. ಲಕ್ಷಣ ಇಲ್ಲದವರಲ್ಲಿ ಅದನ್ನು ಮೊದಲೇ ಹಿಡಿಯುವ ನಂಬಿಕಸ್ಥ ಟೆಸ್ಟ್ ಇನ್ನೂ ಬಂದೇ ಇಲ್ಲ. ಸಿಎ-125 ರಕ್ತ ಪರೀಕ್ಷೆಯೂ ಅಷ್ಟೇ, ಫೈಬ್ರಾಯ್ಡ್ (ಗರ್ಭಕೋಶದಲ್ಲಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಡ್ಡೆ) ಇದ್ದರೂ ಏರುತ್ತದೆ, ಶುರುವಿನ ಹಂತದ ಎಷ್ಟೋ ಕ್ಯಾನ್ಸರ್‌ಗಳಲ್ಲಿ ಏರುವುದೇ ಇಲ್ಲ. ಅವರು ಯಾವ ತಪ್ಪೂ ಮಾಡಿಲ್ಲ.

ನನಗೆ ಆಗಿದ್ದು ಗರ್ಭಕಂಠದ, ಅಂದರೆ ಅದೇ ಗರ್ಭಕೋಶದ ಬಾಯಿಯ ಕ್ಯಾನ್ಸರ್. ಎಚ್‌ಪಿವಿ ವೈರಸ್‌ನಿಂದ ಬರುತ್ತದೆ ಅಂತ ಗೊತ್ತಾದ ಕೂಡಲೇ ಹತ್ತಿರದವರೇ ನನ್ನ ನಡತೆ ಬಗ್ಗೆ ಮಾತಾಡಿದರು. ಮದುವೆಯಾದವರು, ಆಗದವರು ಅಂತಿಲ್ಲ, ಲೈಂಗಿಕ ಸಂಪರ್ಕ ಇರುವ ಹೆಚ್ಚಿನವರಿಗೆ ಜೀವನದಲ್ಲಿ ಒಮ್ಮೆಯಾದರೂ ಅದು ತಗಲುತ್ತದೆ, ಬಹಳಷ್ಟು ಸಲ ತಾನಾಗಿ ಹೋಗುತ್ತದೆ. ಇದನ್ನು ನನಗೆ ಬಿಡಿಸಿ ಹೇಳಿದ್ದು ಗ್ರೂಪ್‌ನ ಒಬ್ಬ ಹೆಂಗಸು. ರೇಡಿಯೇಷನ್ ಆದಮೇಲೆ ಯೋನಿ ಬಿಗಿಯಾಗಬಾರದು ಅಂತ ಡೈಲೇಟರ್ ಅನ್ನುವ ನಯವಾದ ಕೊಳವೆಯಂಥ ಸಾಧನ ಕೊಟ್ಟರು. ನಾಚಿಕೆಯಾಗಿ ಬೀರುವಿನಲ್ಲಿ ಇಟ್ಟುಬಿಟ್ಟಿದ್ದೆ. ಅದನ್ನು ಹೇಗೆ ಬಳಸುವುದು, ಎಲ್ಲಿ ನೋವಾದರೆ ನಿಲ್ಲಿಸಬೇಕು, ಗಂಡನಿಗೆ ಏನು ಹೇಳಬೇಕು ಅಂತ ಹೇಳಿಕೊಟ್ಟವರೂ ಅವರೇ. ಉಪಯೋಗ ಇದೆಯಾ ಅಂತ ಕೇಳಿದ್ದೀರಲ್ಲ, ಇದೆ.

ವಾರ್ಡ್_ಸಿಸ್ಟರ್:
ಎರಡೂ ಅಂಡಾಶಯ ತೆಗೆದಿದ್ದರೆ ಒಂದೇ ದಿನದಲ್ಲಿ ಮುಟ್ಟು ನಿಂತ ಹಾಗೆ. ಕಾವು, ಬೆವರು, ಯೋನಿ ಒಣಗುವುದು, ಸಿಟ್ಟು ಎಲ್ಲ ಅದರಿಂದಲೇ. ಇದಕ್ಕೆ ಔಷಧಿ ಇದೆ, ಆದರೆ ಯಾವುದು ಆಗುತ್ತದೆ ಅನ್ನುವುದು ಕ್ಯಾನ್ಸರ್ ಯಾವ ಬಗೆಯದು ಅನ್ನುವುದರ ಮೇಲೆ ನಿಂತಿದೆ, ಹಾಗಾಗಿ ಸ್ವಂತ ಬುದ್ಧಿಯಿಂದ ಏನೂ ತಗೊಳ್ಳುವುದು ಬೇಡ. ಬಾಯಲ್ಲಿ ಕೇಳಲು ಆಗದಿದ್ದರೆ ಚೀಟಿಯಲ್ಲಿ ಬರೆದು ಕೊಡಲಿ. ಎಷ್ಟೋ ಜನ ಹಾಗೇ ಮಾಡುತ್ತಾರೆ, ನಮಗೂ ಅದೇ ಸುಲಭ.

ನಿಮ್ಮ ಟೆಸ್ಟ್ ವಿಷಯ. ಮೊದಲು ಅಕ್ಕನಿಗೇ ಬಿಆರ್‌ಸಿಎ 1 ಮತ್ತು 2 ಜೀನ್ ಪರೀಕ್ಷೆ ಆಗಿದೆಯಾ ಕೇಳಿ, ಈ ಜೀನ್‌ಗಳಲ್ಲಿ ದೋಷ ಇದ್ದರೆ ಈ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚು. ಫಲಿತಾಂಶ ಅವರ ಚಿಕಿತ್ಸೆಗೂ ಬೇಕು, ಅದನ್ನು ನೋಡಿಕೊಂಡು, ಕ್ಯಾನ್ಸರ್ ಕೋಶ ತನ್ನ ಹಾಳಾದ ಡಿಎನ್‌ಎ ಸರಿಪಡಿಸಿಕೊಳ್ಳದಂತೆ ತಡೆಯುವ ಪಾರ್ಪ್ ಇನ್‌ಹಿಬಿಟರ್ ಮಾತ್ರೆ ಕೊಡಬೇಕಾ ಅಂತ ತೀರ್ಮಾನಿಸುತ್ತಾರೆ. ಅವರಲ್ಲಿ ದೋಷ ಸಿಕ್ಕಿದರೆ ನೀವು ಮಾಡಿಸಿ, ಅಣ್ಣತಮ್ಮಂದಿರಿದ್ದರೆ ಅವರೂ ಮಾಡಿಸಲಿ. ಇದು ಗಂಡಸರಿಂದಲೂ ಮಕ್ಕಳಿಗೆ ಹೋಗುತ್ತದೆ, ಈ ಮಾತು ಮಾತ್ರ ಯಾರೂ ಹೇಳುವುದಿಲ್ಲ.

ಗ್ರೂಪ್‌ನಲ್ಲಿ ಯಾರಾದರೂ "ಕೀಮೋ ಬಿಡಿ, ನಮ್ಮ ಪುಡಿ ತಗೊಳ್ಳಿ" ಅಂದರೆ ಅಲ್ಲಿಂದ ಎದ್ದು ಬನ್ನಿ.

ದೂರದ_ದಾರಿ:
ಒಂದು ಮಾತು, ಬಲವಂತ ಮಾತ್ರ ಮಾಡಬೇಡಿ. ಕಾಯಿಲೆ ಅವರದು, ಯಾರಿಗೆ ಹೇಳಬೇಕು ಅನ್ನುವುದೂ ಅವರ ಇಷ್ಟ. ನನ್ನ ಅಮ್ಮನಿಗೂ ಇದೇ ಕ್ಯಾನ್ಸರ್. ನಾನು ಗ್ರೂಪ್ ಗ್ರೂಪ್ ಅಂತ ಹಿಂದೆ ಬಿದ್ದಷ್ಟೂ ಅವರು ಇನ್ನೂ ಒಳಗೆ ಸರಿದರು, ಈಗಲೂ ಅದು ನನ್ನನ್ನು ಕಾಡುತ್ತದೆ. ಹತ್ತು ಜನರ ನಡುವೆ ಕೂರುವುದು ಬೇಡ ಅನ್ನಿಸಿದರೆ ಇದೇ ದಾರಿಯಲ್ಲಿ ಹೋಗಿ ಬಂದ ಒಬ್ಬರ ಜೊತೆ ಫೋನಿನಲ್ಲಿ ಮಾತಾಡಲಿ, ಸಾಕು. ಅಮ್ಮ ಎರಡು ವರ್ಷ ಬಾಯಿ ಬಿಡಲಿಲ್ಲ. ಮೇ 8 ವಿಶ್ವ ಅಂಡಾಶಯ ಕ್ಯಾನ್ಸರ್ ದಿನ ಅಲ್ವಾ, ಆ ದಿನ ತಾವಾಗಿಯೇ ಗೆಳತಿಯರಿಗೆಲ್ಲ ಒಂದು ಮೆಸೇಜ್ ಕಳಿಸಿದರು: ಹೊಟ್ಟೆ ಉಬ್ಬರ ಎರಡು ಮೂರು ವಾರವಾದರೂ ಇಳಿಯದಿದ್ದರೆ ಗ್ಯಾಸ್ ಅಂತ ಬಿಡಬೇಡಿ, ನಾನು ಬಿಟ್ಟಿದ್ದೆ. ಅವರಲ್ಲಿ ಇಬ್ಬರು ಅದೇ ವಾರ ಹೋಗಿ ತೋರಿಸಿಕೊಂಡರು.

ಮಳೆಹನಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪ್ಯಾಪ್ ಟೆಸ್ಟ್ ಬಗ್ಗೆ ಬರೆದದ್ದನ್ನು ಅಕ್ಕನಿಗೆ ಓದಿ ಹೇಳಿದೆ. ಇನ್ನೊಂದು ಸಲ ಓದು ಅಂದಳು. ಗ್ರೂಪ್ ಸದ್ಯಕ್ಕೆ ಬೇಡವಂತೆ. ಆದರೆ ಪೆನ್ನು ಕೇಳಿ ತಗೊಂಡು ಚೀಟಿ ಬರೆದಿದ್ದಾಳೆ, ಮಡಚಿ ಫೈಲಿನೊಳಗೆ ಇಟ್ಟಿದ್ದಾಳೆ. ನನಗೆ ತೋರಿಸಲಿಲ್ಲ, ನಾನೂ ಕೇಳಲಿಲ್ಲ. ಗುರುವಾರ ಕೀಮೋ ಇದೆ.