ಸ್ಟಾರ್ಟರ್ ಪ್ಯಾನೆಲ್ ಸ್ಟಿಕರ್: ಡೇಂಜರ್, ವಾರ್ನಿಂಗ್, ಕಾಷನ್ ಮೂರಕ್ಕೂ ‘ಎಚ್ಚರಿಕೆ’ ನಡೆಯುತ್ತಾ?

ಬೋರ್‌ವೆಲ್_ಬಾಕ್ಸ್: ಸಿಂಗಲ್ ಫೇಸ್ ಸಬ್‌ಮರ್ಸಿಬಲ್ ಮೋಟಾರಿಗೆ ಪ್ಯಾನೆಲ್ ಮಾಡ್ತೀನಿ. ಇಂಗ್ಲಿಷ್ ಸ್ಟಿಕರ್ ಯಾರೂ ಓದಲ್ಲ, ಅದಕ್ಕೇ ಕನ್ನಡದ್ದು ಮಾಡಿಸೋಕೆ ಹೊರಟೆ. ಮೂರಕ್ಕೂ ‘ಎಚ್ಚರಿಕೆ’ ಅಂತ ಬರೆದುಕೊಟ್ಟರೆ ಪ್ರಿಂಟಿಂಗ್‌ನವನು, ‘ಸಾರ್, ಒಂದನ್ನೇ ಮೂರು ಸಲ ಹೊಡೀಬೇಕಾ?’ ಅಂತ ನಕ್ಕ. ಡೇಂಜರ್‌ಗೆ ಏನು ಹಾಕಲಿ?

ವೈರಿಂಗ್_ಮೇಷ್ಟ್ರು: ‘ಅಪಾಯ’. ಟ್ರಾನ್ಸ್‌ಫಾರ್ಮರ್ ಕಂಬದ ಮೇಲೆ ತಲೆಬುರುಡೆ ಜೊತೆ ಕಂಡು ಕಂಡು ಎಲ್ಲರಿಗೂ ಗೊತ್ತಿರೋ ಪದ. ಎಚ್ಚರಿಕೆ ಅಂದ್ರೆ ನಾವು ಇರಬೇಕಾದ ರೀತಿ. ಅಪಾಯ ಅಂದ್ರೆ ಒಳಗೆ ಕೂತಿರೋದು.

ಇಂಗ್ಲಿಷಲ್ಲೂ ಮೂರೂ ಒಂದೇ ಅಲ್ಲ. ಅಮೆರಿಕದಲ್ಲಿ ಎಚ್ಚರಿಕೆ ಫಲಕಗಳಿಗಿರೋ ಮಾನದಂಡ ಆನ್ಸಿ ಝಡ್535 ಪ್ರಕಾರ, ತಪ್ಪಿಸಿಕೊಳ್ಳದಿದ್ದರೆ ಸಾವು ಅಥವಾ ಗಂಭೀರ ಗಾಯ ಆಗೇ ಆಗುತ್ತೆ ಅನ್ನೋ ಕಡೆ ಡೇಂಜರ್, ಕೆಂಪು. ಆಗಬಹುದು ಅನ್ನೋ ಕಡೆ ವಾರ್ನಿಂಗ್, ಕಿತ್ತಳೆ. ಸಣ್ಣಪುಟ್ಟ ಗಾಯಕ್ಕೆ ಕಾಷನ್, ಹಳದಿ. ನಾನಾದ್ರೆ ಅಪಾಯ, ಎಚ್ಚರಿಕೆ, ಜಾಗ್ರತೆ ಅಂತ ಇಡ್ತೀನಿ. ಎಲ್ಲದಕ್ಕೂ ಅಪಾಯ ಅಂತ ಅಂಟಿಸಬೇಡಿ, ಆಮೇಲೆ ಯಾವುದನ್ನೂ ಯಾರೂ ನಂಬಲ್ಲ.

ಬೋರ್‌ವೆಲ್_ಬಾಕ್ಸ್: ಡ್ರೈ ರನ್‌ಗೂ, ಅಂದ್ರೆ ನೀರಿಲ್ಲದೆ ಮೋಟಾರ್ ಓಡೋದಕ್ಕೂ, ಡೇಂಜರ್ ಹಾಕಿದ್ದೆನಲ್ಲ! ಕೆಳಗೆ ಇಂಗ್ಲಿಷಲ್ಲಿ ‘ದಿಸ್ ಪ್ಯಾನೆಲ್ ಈಸ್ ಇನ್ ಡೇಂಜರ್’ ಅಂತಾನೂ ಇದೆ. ಸರೀನಾ?

ವೈರಿಂಗ್_ಮೇಷ್ಟ್ರು: ಡ್ರೈ ರನ್ ಆದ್ರೆ ಸುಡೋದು ಮೋಟಾರು, ಮನುಷ್ಯ ಅಲ್ಲ. ಅದಕ್ಕೆ ನೀಲಿ ಪಟ್ಟಿಯ ‘ಸೂಚನೆ’ ಸಾಕು.

ಇನ್ನು ಆ ಇಂಗ್ಲಿಷ್ ಸಾಲು ಓದಿದವರು ಪಾಪ, ಪ್ಯಾನೆಲ್‌ನ ಕಾಪಾಡೋಕೆ ಓಡಿ ಬರ್ತಾರೆ. ‘ಇನ್ ಡೇಂಜರ್’ ಅಂದ್ರೆ ಅಪಾಯದಲ್ಲಿದೆ. ನಿಮಗೆ ಬೇಕಿರೋದು ‘ಡೇಂಜರಸ್’, ಅಂದ್ರೆ ಅಪಾಯಕಾರಿ. ಪೇಪರಲ್ಲಿ ‘ಪ್ರಾಣಾಪಾಯದಿಂದ ಪಾರು’ ಅಂತ ಬರುತ್ತಲ್ಲ, ಅದು ‘ಔಟ್ ಆಫ್ ಡೇಂಜರ್’. ಹಳೇ ಫ್ರೆಂಚ್‌ನಿಂದ ಬಂದ ‘ಡೇಂಜರ್’ ಪದಕ್ಕೆ ಮೊದಲಿದ್ದ ಅರ್ಥ ಒಡೆಯನ ಅಧಿಕಾರ; ಮೂಲ ಹುಡುಕಿದರೆ ಲ್ಯಾಟಿನ್‌ನ ‘ಡೊಮಿನಸ್’, ಯಜಮಾನ. ಒಬ್ಬರ ಡೇಂಜರ್‌ನಲ್ಲಿ ಇರೋದು ಅಂದ್ರೆ ಅವರ ಕೈಯಲ್ಲಿ ಸಿಕ್ಕಿಹಾಕಿಕೊಳ್ಳೋದು. ಹಾಗೆ ನೆನಪಿಟ್ಟುಕೊಂಡ್ರೆ ‘ಇನ್’ ಯಾರಿಗೆ ಸೇರುತ್ತೆ ಅಂತ ಮರೆಯಲ್ಲ.

ಕೆಪಾಸಿಟರ್_ಕಾಕಾ: ಪದ ಸರಿಹೋಯ್ತು, ಆದ್ರೆ ಅಪಾಯ ಏನು ಅಂತಾನೂ ಬರೀರಿ. ಮೇನ್ ಆಫ್ ಮಾಡಿದ್ಮೇಲೂ ಕೆಪಾಸಿಟರಲ್ಲಿ ಚಾರ್ಜ್ ಉಳಿದಿರುತ್ತೆ. ಆಫ್ ಮಾಡಿ ತಕ್ಷಣ ಬೆರಳಿಟ್ಟು ಒಮ್ಮೆ ಹೊಡೆಸಿಕೊಂಡಿದ್ದೀನಿ, ಕೈಲಿದ್ದ ಸ್ಕ್ರೂಡ್ರೈವರ್ ಪಕ್ಕದ ತೊಟ್ಟಿಗೆ ಬಿತ್ತು. ಸ್ಟಿಕರ್ ಬಾಗಿಲ ಹೊರಗೇ ಇರಲಿ. ತೆಗೆದ ಮೇಲೆ ಓದಿ ಏನು ಪ್ರಯೋಜನ?

ಬೋರ್‌ವೆಲ್_ಬಾಕ್ಸ್: ಹೀಗೆ ಕೊಟ್ಟೆ: ‘ಅಪಾಯ! 230 ವೋಲ್ಟ್. ಮೇನ್ ಆಫ್ ಮಾಡಿದ ಮೇಲೂ ಕೆಪಾಸಿಟರ್ ಮುಟ್ಟಬೇಡಿ, ಎಲೆಕ್ಟ್ರಿಷಿಯನ್ ಮಾತ್ರ ತೆರೆಯಬೇಕು.’ ಇಂಗ್ಲಿಷ್ ಸಾಲು ತೆಗೆದೇಬಿಟ್ಟೆ. ಈ ಸಲ ಪ್ರಿಂಟಿಂಗ್‌ನವನು ನಗಲಿಲ್ಲ.