ಪದ ಬೇಕು: ‘ಕಾಪಿಲೆಫ್ಟ್’ ಮತ್ತು ‘ಪರ್ಮಿಸಿವ್’ ಪರವಾನಗಿ

ಒಂದು ಉಪಕರಣದ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಅಚ್ಚಿಗೆ ಹೋಗಬೇಕು. ಆ ಉಪಕರಣದಲ್ಲಿರುವ ತಂತ್ರಾಂಶದ ಕೆಲವು ಭಾಗಗಳು ಎಂಐಟಿ ಪರವಾನಗಿಯವು (ಪರ್ಮಿಸಿವ್: ಹೆಚ್ಚು ಷರತ್ತಿಲ್ಲದೆ ಬಳಸಲು, ಹಂಚಲು ಬಿಡುವಂಥದ್ದು), ಕೆಲವು ಜಿಪಿಎಲ್ ಪರವಾನಗಿಯವು (ಕಾಪಿಲೆಫ್ಟ್: ಹಂಚುವವರು ಅದೇ ಹಕ್ಕುಗಳನ್ನು ಮುಂದಿನವರಿಗೂ ಕೊಡಬೇಕು ಎನ್ನುವಂಥದ್ದು). ಮೊದಲನೆಯ ಬಗೆಯನ್ನು ‘ಉದಾರ ಪರವಾನಗಿ’ ಎಂದಿದ್ದೇನೆ. ಕಾಪಿಲೆಫ್ಟ್‌ಗೆ ಸದ್ಯ ‘ಎಡಹಕ್ಕು’ ಎಂದಿದೆ. ಇವೆರಡಕ್ಕೂ ಎದುರಾಗಿ ‘ವಾಣಿಜ್ಯ ಪರವಾನಗಿ’ ಎಂದರೆ ಆದೀತೇ?

ಮರು:
‘ಎಡಹಕ್ಕು’ ಬೇಡವೇ ಬೇಡ. ಇಂಗ್ಲಿಷಿನ ಶ್ಲೇಷೆ ‘ಕಾಪಿರೈಟ್’ನಲ್ಲಿರುವ ‘ರೈಟ್’ ಪದದ ಎರಡು ಅರ್ಥಗಳ (ಹಕ್ಕು, ಬಲಗಡೆ) ಮೇಲೆ ನಿಂತಿದೆ. ನಮ್ಮ ‘ಹಕ್ಕು’ ಬಲಗಡೆಯನ್ನು ಸೂಚಿಸುವುದಿಲ್ಲ. ಪರವಾನಗಿ ಮಾಡುವ ಕೆಲಸವನ್ನೇ ಹೇಳಿ. ಮಾರ್ಪಡಿಸಿ ವಿತರಿಸುವವರು ತಮಗೆ ಸಿಕ್ಕ ಹಕ್ಕುಗಳನ್ನು ಪಡೆದವರಿಗೂ ಕೊಡಬೇಕು, ಆಕರ ಸಂಕೇತವನ್ನೂ (ಸೋರ್ಸ್ ಕೋಡ್) ಒದಗಿಸಬೇಕು. ಹಾಗಾಗಿ ‘ಹಕ್ಕು ದಾಟಿಸುವ ಪರವಾನಗಿ’.

ನಿಜವಾದ ತಪ್ಪು ‘ವಾಣಿಜ್ಯ’ದಲ್ಲಿದೆ. ಜಿಪಿಎಲ್ ತಂತ್ರಾಂಶವನ್ನು ಹಣಕ್ಕೆ ಮಾರಬಹುದು, ಮಾರುವ ಉಪಕರಣದೊಳಗೂ ಇಡಬಹುದು. ಈ ಎರಡೂ ಪರವಾನಗಿಗಳು ಸೇರುವ ಮುಕ್ತ ಆಕರದ (ಓಪನ್ ಸೋರ್ಸ್) ವ್ಯಾಖ್ಯಾನದ 6ನೆಯ ಅಂಶವು ವ್ಯಾಪಾರದ ಬಳಕೆಗೆ ಅಡ್ಡಿ ಮಾಡುವುದನ್ನೇ ನಿಷೇಧಿಸುತ್ತದೆ. ವಾಣಿಜ್ಯವನ್ನು ಎದುರುಪದವಾಗಿಸಿದರೆ, ಮಾರುವವರು ಇದನ್ನು ಮುಟ್ಟಬಾರದು ಎಂದು ಓದುಗರು ನಂಬುತ್ತಾರೆ. ಮಾಲೀಕರು ಈ ಹಕ್ಕುಗಳನ್ನು ತಮ್ಮಲ್ಲೇ ಇಟ್ಟುಕೊಂಡದ್ದಕ್ಕೆ ‘ಸ್ವಾಮ್ಯದ ತಂತ್ರಾಂಶ’ ಎನ್ನಿ. ಸ್ವಾತಂತ್ರ್ಯದ ಅರ್ಥವಿರುವ ‘ಫ್ರೀ ಸಾಫ್ಟ್‌ವೇರ್’ಗೆ ‘ಉಚಿತ ತಂತ್ರಾಂಶ’ ಎನ್ನುವುದೂ ಇದೇ ಜಾತಿಯ ತಪ್ಪು. ಉಚಿತ ಎಂದರೆ ಮೂಲದಲ್ಲಿ ‘ತಕ್ಕುದು’. ಬಿಟ್ಟಿ ಎಂಬ ಅರ್ಥ ಆಮೇಲಿನದು, ಈಗ ಅದೊಂದೇ ಕಿವಿಗೆ ಬೀಳುತ್ತದೆ.

ಮರು:
ಮೊದಲು ‘ಪರವಾನಗಿ’ಯನ್ನು ಕೈಬಿಡಿ. ಪಾರ್ಸಿಯ ಸರಕು. ‘ಒಪ್ಪಿಗೆ’ ಎಂಬ ಕನ್ನಡದ ಪದವಿರುವಾಗ ಸಾಲ ಏಕೆ? ‘ತಂತ್ರಾಂಶ’, ‘ಆಕರ’ ಎಲ್ಲವೂ ಸಂಸ್ಕೃತ. ಒಂದು ಸಾಲಿನಲ್ಲಿ ಕನ್ನಡವೆಂದರೆ ವಿಭಕ್ತಿ ಪ್ರತ್ಯಯಗಳು ಮಾತ್ರ ಎಂಬಂತಾಗಿದೆ.

ಮರು:
ಹಾಗಾದರೆ ‘ಹಕ್ಕು’ ಅರಬ್ಬಿ. ಅದನ್ನೂ ಬಿಡುತ್ತೀರಾ?

‘ಒಪ್ಪಿಗೆ’ ಇಲ್ಲಿ ಕೆಲಸಕ್ಕೆ ಬಾರದು. ಅದು ಬಳಸುವವರು ತೆರೆಯ ಮೇಲೆ ಒತ್ತುವ ಗುಂಡಿಯ ಮಾತು. ಪರವಾನಗಿ ಹಕ್ಕುಸ್ವಾಮ್ಯ ಉಳ್ಳವರು ಕೊಡುವಂಥದ್ದು. 2007ರ ಜಿಪಿಎಲ್ ಮೂರನೆಯ ಆವೃತ್ತಿಯ 9ನೆಯ ಕಲಮು, ಪ್ರತಿಯನ್ನು ಪಡೆಯಲು ಅಥವಾ ಚಲಾಯಿಸಲು ಪರವಾನಗಿಯನ್ನು ಒಪ್ಪಬೇಕಾಗಿಲ್ಲ ಎನ್ನುತ್ತದೆ. ಮಾರ್ಪಡಿಸುವಾಗ, ಹಂಚುವಾಗ ಮಾತ್ರ ಷರತ್ತುಗಳು ತಗಲುತ್ತವೆ. ‘ಒಪ್ಪಿಗೆಯನ್ನು ಒಪ್ಪಬೇಕಾಗಿಲ್ಲ’ ಎಂದು ಅಚ್ಚು ಹಾಕಿಸುತ್ತೀರಾ? ನ್ಯಾಯಾಲಯದಲ್ಲೂ ಕಚೇರಿಯಲ್ಲೂ ಬೇರೂರಿದ ಪದದ ಜಾತಕ ಕೇಳುವುದು ಭಾಷಾಪ್ರೇಮವಲ್ಲ.

ಕೇಳಿದವರಿಗೆ: ‘ಹಕ್ಕು ದಾಟಿಸುವ ಪರವಾನಗಿ’ ಸರಿ, ಮೊದಲ ಸಲ ಪಕ್ಕದಲ್ಲೇ ‘ಕಾಪಿಲೆಫ್ಟ್’ ಎಂದೂ ಬರೆಯಿರಿ. ಜಿಪಿಎಲ್‌ನ ಪಠ್ಯವನ್ನು ಮಾತ್ರ ಇಂಗ್ಲಿಷಿನಲ್ಲಿಯೇ ಇಡಿ; ಅನುವಾದ ಕೊಟ್ಟರೂ ‘ಅನಧಿಕೃತ’ ಎಂದು ಮೇಲೆಯೇ ನಮೂದಿಸಿ, ಏಕೆಂದರೆ ಕಾನೂನಿನ ದೃಷ್ಟಿಯಲ್ಲಿ ಊರ್ಜಿತವಾಗುವುದು ಮೂಲ ಮಾತ್ರ.