6 ಗಂಟೆ ನಾಟಕ, 64 ಜಿಬಿ ವಿಡಿಯೊ: ಯಾವ ಸಾಫ್ಟ್‌ವೇರ್, ಯಾವ ಫಾರ್ಮ್ಯಾಟ್?

ಪಾಂಡವಪುರ_ಪರದೆ:
ಎಲ್ಲರಿಗೂ ನಮಸ್ಕಾರ. ಊರಹಬ್ಬದ ಪೌರಾಣಿಕ ನಾಟಕ, ರಾತ್ರಿ 10ರಿಂದ ಬೆಳಗಿನ ಜಾವ 4ರವರೆಗೆ ಒಂದೇ ಕ್ಯಾಮ್‌ಕಾರ್ಡರ್‌ನಲ್ಲಿ ರೆಕಾರ್ಡ್ ಆಗಿದೆ. ಎವಿಸಿಎಚ್‌ಡಿ (ಕ್ಯಾಮ್‌ಕಾರ್ಡರ್‌ಗಳ ರೆಕಾರ್ಡಿಂಗ್ ಫಾರ್ಮ್ಯಾಟ್), 1080ಐ, ಸೆಕೆಂಡಿಗೆ 50 ಫೀಲ್ಡ್ (ಅರ್ಧ ಚಿತ್ರ), 24 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್). ಕಾರ್ಡ್‌ನಲ್ಲಿ 2 ಜಿಬಿಯ ಎಂಟಿಎಸ್ ತುಂಡುಗಳು, ಒಟ್ಟು 64 ಜಿಬಿ. ಇದು ಯೂಟ್ಯೂಬ್‌ಗೆ ಹೋಗಬೇಕು, ಪೆನ್‌ಡ್ರೈವ್‌ನಲ್ಲಿ ಟಿವಿಗೆ ಹಾಕಿ ನೋಡೋ ಹಾಗಿರಬೇಕು, ಜೊತೆಗೆ ಪಾತ್ರಧಾರಿಗಳಿಗೆಲ್ಲ ಅವರವರ ಸೀನು ವಾಟ್ಸಾಪ್‌ನಲ್ಲಿ ಬೇಕು. (ಪಾತ್ರಕ್ಕೆ ದುಡ್ಡು ಕೊಟ್ಟವರು ಬಿಡ್ತಾರಾ!)

ಪುಕ್ಕಟೆ ಕನ್ವರ್ಟರ್ ಒಂದರಲ್ಲಿ ಹಾಕಿದರೆ ಮೂರು ತೊಂದರೆ: ಗದೆ ಬೀಸಿದಾಗ ಅಂಚಲ್ಲಿ ಗೆರೆಗೆರೆ ಬರುತ್ತೆ, ಕೆಲವು ಫೋನಲ್ಲಿ ಚಿತ್ರ ಇದ್ದು ಧ್ವನಿ ಇಲ್ಲ, ತುಂಡು ಸೇರಿಸಿದ ಕಡೆಯೆಲ್ಲ ಹಾರ್ಮೋನಿಯಂ ಒಂದು ಕ್ಷಣ ಕಟ್ ಆಗುತ್ತೆ. ಎಲ್ಲಕ್ಕೂ ಒಂದೇ ಫೈಲ್ ಸಾಕಾಗುವ ಸೆಟ್ಟಿಂಗ್ ಇದ್ರೆ ಹೇಳಿ.

ಸಕ್ಕರೆಸೀಮೆ:
ಸುಮ್ನೆ ಎಚ್.265 (ವಿಡಿಯೊ ಕುಗ್ಗಿಸೋ ಹೊಸ ವಿಧಾನ) ಹಾಕ್ಬುಡಿ ಗುರು. ಹಳೇ ಎಚ್.264ರ ಅರ್ಧ ಸೈಜಲ್ಲಿ ಅದೇ ಕ್ವಾಲಿಟಿ ಬತ್ತದೆ. ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇದ್ರೆ ಅದರ ಎನ್‌ಕೋಡರ್ ಎನ್‌ವಿಇಎನ್‌ಸಿ ಆಯ್ಕೆ ಮಾಡಿ, ಬೇಗ ಮುಗೀತದೆ.

ಒಂಟಿಕೊಪ್ಪಲ್_ಕೋಡೆಕ್:
ಸಕ್ಕರೆಸೀಮೆಯವರು ಹೇಳಿದ್ದು ಮನೆಯ ಹಾರ್ಡ್‌ಡಿಸ್ಕಿಗೆ ಸರಿ, ಹಂಚೋದಕ್ಕೆ ಅಲ್ಲ. ಹಳೇ ಟಿವಿ, ಅಗ್ಗದ ಫೋನು ಎಚ್.265 ಕಂಡರೆ ಕಪ್ಪು ಪರದೆ ತೋರಿಸ್ತವೆ. ಇನ್ನು ಗ್ರಾಫಿಕ್ಸ್ ಕಾರ್ಡ್ ಎನ್‌ಕೋಡರ್ ವೇಗ ಹೌದು, ಆದರೆ ಅದೇ ಕ್ವಾಲಿಟಿಗೆ ಎಕ್ಸ್264ರ (ಪ್ರೊಸೆಸರ್‌ನಲ್ಲೇ ಓಡೋ ಎಚ್.264 ಎನ್‌ಕೋಡರ್) ಸ್ಲೋ ಪ್ರಿಸೆಟ್‌ಗಿಂತ ದೊಡ್ಡ ಫೈಲ್ ಕೊಡುತ್ತೆ. ವಾಟ್ಸಾಪ್‌ಗೆ ಒಂದೊಂದು ಎಂಬಿಯೂ ಲೆಕ್ಕ.

ಪರದೆಯವರೇ, ಎಲ್ಲಕ್ಕೂ ಒಂದೇ ಫೈಲ್ ಅನ್ನೋ ಆಸೆ ಬಿಡಿ. ಮೂಲದಿಂದ ಮೂರು ಬೇರೆ ಬೇರೆ ಫೈಲ್ ತೆಗೀರಿ, 64 ಜಿಬಿ ಮೂಲವನ್ನ ಮಾತ್ರ ಅಳಿಸಬೇಡಿ.

ಮೊದಲು ಜೋಡಣೆ. ಎಂಟಿಎಸ್ ಅನ್ನೋದು ಟ್ರಾನ್ಸ್‌ಪೋರ್ಟ್ ಸ್ಟ್ರೀಮ್, ಬಾಲಕ್ಕೆ ತಲೆ ಸೇರಿಸಿದರೆ ಸಾಕು. ವಿಂಡೋಸ್‌ನ ಕಾಪಿ ಆಜ್ಞೆಯನ್ನ ಬೈನರಿ ಸ್ವಿಚ್ (/b) ಹಾಕಿ, ಫೈಲ್ ಹೆಸರುಗಳ ನಡುವೆ ಪ್ಲಸ್ ಚಿಹ್ನೆ ಕೊಟ್ಟು ಓಡಿಸಿ. ನಿಮ್ಮ ಕನ್ವರ್ಟರ್ ಒಂದೊಂದು ತುಂಡನ್ನೂ ಬೇರೆಯಾಗಿ ಎನ್‌ಕೋಡ್ ಮಾಡಿ ಆಮೇಲೆ ಅಂಟಿಸಿರಬೇಕು, ಅದಕ್ಕೇ ಸಂದಿಯಲ್ಲಿ ಧ್ವನಿ ಹಾರಿದೆ. ಒಂದು ಎಚ್ಚರ: ಕ್ಯಾಮೆರಾ ನಿಲ್ಲಿಸದೆ ಓಡಿದ ತುಂಡುಗಳನ್ನ ಮಾತ್ರ ಹೀಗೆ ಸೇರಿಸಿ. ನಡುವೆ ಸ್ಟಾಪ್ ಮಾಡಿದ್ದರೆ ಟೈಮ್‌ಸ್ಟ್ಯಾಂಪ್ ಹೊಸದಾಗಿ ಶುರುವಾಗುತ್ತೆ. ಅಂಥವನ್ನ ಹೀಗೆ ಅಂಟಿಸಿದರೆ ಮಾತು ಒಂದು ಕಡೆ, ತುಟಿ ಒಂದು ಕಡೆ.

ಆಮೇಲೆ ಹ್ಯಾಂಡ್‌ಬ್ರೇಕ್ ಅನ್ನೋ ಕನ್ವರ್ಟರ್. ಉಚಿತ, ಓಪನ್ ಸೋರ್ಸ್.

ನಿಮ್ಮ ಗೆರೆಗಳಿಗೆ ಕಾರಣ ಇಂಟರ್‌ಲೇಸಿಂಗ್. ಸಮ ಗೆರೆ ಒಂದು ಕ್ಷಣದ್ದು, ಬೆಸ ಗೆರೆ 1/50 ಸೆಕೆಂಡ್ ಆಚೆಯದ್ದು. ಎರಡನ್ನೂ ಒಂದೇ ಫ್ರೇಮಿಗೆ ತುರುಕಿದರೆ ಗದೆಗೆ ಬಾಚಣಿಗೆ ಹಲ್ಲು ಬರುತ್ತೆ. ಗೆರೆ ತೆಗೆಯದೆ ಸೈಜ್ ಕುಗ್ಗಿಸಿದರೆ ಆಮೇಲೆ ಯಾವ ಫಿಲ್ಟರ್‌ನಿಂದಲೂ ಅದನ್ನ ಸರಿಮಾಡೋಕೆ ಆಗಲ್ಲ. ಫಿಲ್ಟರ್ಸ್ ಟ್ಯಾಬ್‌ನಲ್ಲಿ ಡಿಇಂಟರ್‌ಲೇಸ್, ಬಿಡಬ್ಲ್ಯುಡಿಐಎಫ್ ಅಥವಾ ಯಾಡಿಫ್ ಆರಿಸಿ.

ಯೂಟ್ಯೂಬ್‌ಗೆ: ಅದರಲ್ಲೇ ಬಾಬ್ ಪ್ರಿಸೆಟ್ (ಒಂದೊಂದು ಫೀಲ್ಡಿಗೂ ಒಂದು ಪೂರ್ತಿ ಫ್ರೇಮ್ ಮಾಡೋದು), ಫ್ರೇಮ್‌ರೇಟ್ 50, ಕಾನ್‌ಸ್ಟೆಂಟ್ ಅಂತ ಕೈಯಾರೆ ಕೊಡಿ. ಫಾಸ್ಟ್ 1080ಪಿ30 ಪ್ರಿಸೆಟ್ ಹಾಗೇ ಬಿಟ್ಟರೆ 30ಕ್ಕೆ ಕತ್ತರಿ ಬೀಳುತ್ತೆ, ಬಾಬ್ ಮಾಡಿದ್ದು ದಂಡ. ಎಕ್ಸ್264, ಆರ್‌ಎಫ್ (ಕ್ವಾಲಿಟಿ ಸಂಖ್ಯೆ, ಕಮ್ಮಿ ಇದ್ದಷ್ಟೂ ಚೆನ್ನ) 18ರಿಂದ 20. ಯೂಟ್ಯೂಬ್ ಹೇಗೂ ಮತ್ತೆ ಎನ್‌ಕೋಡ್ ಮಾಡುತ್ತೆ, ಆದ್ದರಿಂದ ಇಲ್ಲಿ ಜಿಪುಣತನ ಬೇಡ. 50 ಫ್ರೇಮಿನ 1080ಪಿಗೆ ಅವರ ಶಿಫಾರಸೇ 12 ಎಂಬಿಪಿಎಸ್. ಆ ಲೆಕ್ಕದಲ್ಲಿ 6 ಗಂಟೆಗೆ 32 ಜಿಬಿ. 20 ಎಂಬಿಪಿಎಸ್ ಅಪ್‌ಲೋಡ್ ಇರೋ ಫೈಬರ್ ಲೈನಲ್ಲಿ ಮೂರೂವರೆ ಗಂಟೆ, 5 ಎಂಬಿಪಿಎಸ್ ಹಾಟ್‌ಸ್ಪಾಟಲ್ಲಿ 14 ಗಂಟೆ ದಾಟುತ್ತೆ. ಖಾತೆ ವೆರಿಫೈ ಆಗಿರದಿದ್ದರೆ 15 ನಿಮಿಷಕ್ಕಿಂತ ಉದ್ದದ್ದು ಏರಲ್ಲ. ಗರಿಷ್ಠ 12 ಗಂಟೆ ಅಥವಾ 256 ಜಿಬಿ.

ಡೈಮೆನ್ಷನ್ಸ್‌ನಲ್ಲಿ ಕ್ರಾಪಿಂಗನ್ನ ಆಟೋಮ್ಯಾಟಿಕ್ ಬಿಡಬೇಡಿ, ನನ್ ಮಾಡಿ. ಹಿಂದೆ ಕಪ್ಪು ಪರದೆ ಇದ್ದರೆ ಅದನ್ನೇ ಕಪ್ಪು ಪಟ್ಟಿ ಅಂದ್ಕೊಂಡು ಸ್ಟೇಜಿನ ಅಂಚು ಕತ್ತರಿಸಿ ಹಾಕುತ್ತೆ.

ಧ್ವನಿ: ಕ್ಯಾಮೆರಾದ್ದು ಎಸಿ3 ಅನ್ನೋ ಡಾಲ್ಬಿ ಫಾರ್ಮ್ಯಾಟ್. ಎಷ್ಟೋ ಫೋನ್‌ಗಳಲ್ಲಿ ಅದನ್ನ ಬಿಚ್ಚೋ ವ್ಯವಸ್ಥೆ ಇಲ್ಲ, ಅದಕ್ಕೇ ಮೂಕಿಚಿತ್ರ. ಪಾಸ್‌ಥ್ರೂ (ಮೂಲ ಧ್ವನಿಯನ್ನ ಹಾಗೇ ದಾಟಿಸೋದು) ತೆಗೆದು ಎಎಸಿ ಮಾಡಿ, 48 ಕಿಲೋಹರ್ಟ್ಸ್. ಯೂಟ್ಯೂಬ್‌ಗೆ 384 ಕೆಬಿಪಿಎಸ್ ಇಡಿ, ಫೋನಿಗೆ 128 ಸಾಕು.

ಕನ್ನಂಬಾಡಿ_ಕಟ್ಟೆ:
ಮೇಲಿನದ್ದೆಲ್ಲ ಸರಿ ಸರ್, ಆದರೆ ಆ 50 ಫ್ರೇಮಿನ ಫೈಲನ್ನೇ ಪೆನ್‌ಡ್ರೈವ್‌ಗೆ ಹಾಕಿದರೆ ಹಳೇ ಟಿವಿ ತೊದಲುತ್ತೆ. ಎಚ್.264 ಲೆವೆಲ್ (ಪ್ಲೇಯರ್ ಎಷ್ಟು ಭಾರ ಹೊರಬೇಕು ಅನ್ನೋ ದರ್ಜೆ) 4.1ರ ಮಿತಿ ಸೆಕೆಂಡಿಗೆ 2,45,760 ಮ್ಯಾಕ್ರೋಬ್ಲಾಕ್ (16×16 ಪಿಕ್ಸೆಲ್ ಚೌಕ). 1080ಪಿಯ ಒಂದು ಫ್ರೇಮಿಗೆ 8,160, ಅಂದರೆ 30 ಫ್ರೇಮ್ ಒಳಗೆ ಕೂರುತ್ತೆ, 50 ಫ್ರೇಮಿಗೆ 4,08,000 ಆಗಿ ಲೆವೆಲ್ 4.2 ಬೇಕಾಗುತ್ತೆ. ಟಿವಿಗೆ ಬಾಬ್ ಬಿಟ್ಟು ಡೀಫಾಲ್ಟ್ ಡಿಇಂಟರ್‌ಲೇಸ್, 25 ಫ್ರೇಮ್, ಹೈ ಪ್ರೊಫೈಲ್, ಲೆವೆಲ್ 4.1, 8 ಬಿಟ್ ಇಡಿ. 10 ಬಿಟ್ ಎಚ್.264 ಟಿವಿಗೂ ಆಗಲ್ಲ, ಫೋನಿಗೂ ಆಗಲ್ಲ.

ಪೆನ್‌ಡ್ರೈವ್ ಫ್ಯಾಟ್32 ಆಗಿದ್ದರೆ ಒಂದು ಫೈಲ್ 4 ಜಿಬಿ ದಾಟಂಗಿಲ್ಲ. ಎಕ್ಸ್‌ಫ್ಯಾಟ್ ಮಾಡಿದರೆ ಕೆಲವು ಟಿವಿ ಡ್ರೈವನ್ನೇ ಗುರುತಿಸಲ್ಲ. ಗಂಟೆಗೊಂದು ಫೈಲಿನಂತೆ 6 ಎಂಬಿಪಿಎಸ್‌ನಲ್ಲಿ ತೆಗೆದರೆ ತಲಾ ಸುಮಾರು 2.8 ಜಿಬಿ, ಆರೂ ಸೇರಿ 17 ಜಿಬಿ. 32 ಜಿಬಿ ಡ್ರೈವಲ್ಲಿ ಆರಾಮಾಗಿ ಕೂರುತ್ತೆ.

ರಾತ್ರಿಯ ನಾಟಕ ಅಂದರೆ ಕ್ಯಾಮೆರಾ ಗೇನ್ ಏರಿಸಿ ಕತ್ತಲಲ್ಲೆಲ್ಲ ಕಾಳು (ನಾಯ್ಸ್) ಎರಚಿರುತ್ತೆ. ಎನ್‌ಕೋಡರ್‌ಗೆ ಅದೂ ಚಿತ್ರವೇ, ಬಿಟ್‌ರೇಟ್ ಅಲ್ಲೇ ಖರ್ಚಾಗುತ್ತೆ. ಕಾಳು ತೆಗೆಯೋ ಎನ್‌ಎಲ್‌ಮೀನ್ಸ್ ಫಿಲ್ಟರನ್ನ ಲೈಟ್‌ನಲ್ಲಿ ಹಾಕಿ, ನಿಧಾನ ಆದರೂ ಫೈಲ್ ಇಳಿಯುತ್ತೆ. ಸ್ಟ್ರಾಂಗ್ ಹಾಕಬೇಡಿ, ಬಣ್ಣ ಹಚ್ಚಿದ ಮುಖ ಮೇಣದ ಗೊಂಬೆ ಥರ ಆಗುತ್ತೆ.

ಪಾಂಡವಪುರ_ಪರದೆ:
ತುಂಬ ಥ್ಯಾಂಕ್ಸ್. ವಾಟ್ಸಾಪ್‌ಗೆ ಸೀನು ಕತ್ತರಿಸೋದು ಹೇಗೆ? ಇನ್ನೊಂದು, ನಮ್ಮಲ್ಲಿ ಕರೆಂಟಿನ ಭರವಸೆ ಇಲ್ಲ.

ಒಂಟಿಕೊಪ್ಪಲ್_ಕೋಡೆಕ್:
ಸೀನನ್ನ ಮೂಲದಿಂದಲೇ ಲಾಸ್‌ಲೆಸ್‌ಕಟ್‌ನಲ್ಲಿ (ಮತ್ತೆ ಎನ್‌ಕೋಡ್ ಮಾಡದೆ ಕತ್ತರಿಸೋ ಸಾಫ್ಟ್‌ವೇರ್) ಕತ್ತರಿಸಿ. ಕಟ್ ಬೀಳೋದು ಕೀಫ್ರೇಮಿನಲ್ಲಿ (ಪೂರ್ತಿ ಚಿತ್ರ ಇರೋ ಫ್ರೇಮ್), ಎವಿಸಿಎಚ್‌ಡಿಯಲ್ಲಿ ಅವು ಹತ್ತಿರ ಹತ್ತಿರ ಇರ್ತವೆ, ಹಾಗಾಗಿ ಹೆಚ್ಚು ಆಚೀಚೆ ಆಗಲ್ಲ. ನಂತರ ಹ್ಯಾಂಡ್‌ಬ್ರೇಕ್‌ನಲ್ಲಿ 720ಪಿ, 25 ಫ್ರೇಮ್, 1500 ಕೆಬಿಪಿಎಸ್, ಮಲ್ಟಿಪಾಸ್. 20 ನಿಮಿಷದ ಸೀನು ಸುಮಾರು 245 ಎಂಬಿ. ವೆಬ್ ಆಪ್ಟಿಮೈಸ್ಡ್ ಟಿಕ್ ಮಾಡಿ. ವಿಡಿಯೊ ಅಂತ ಕಳಿಸಿದರೆ ವಾಟ್ಸಾಪ್ ಮತ್ತೆ ಹಿಂಡುತ್ತೆ, ಡಾಕ್ಯುಮೆಂಟ್ ಅಂತ ಕಳಿಸಿ, 2 ಜಿಬಿವರೆಗೆ ಹೋಗುತ್ತೆ.

ಕರೆಂಟ್ ಹೋದರೆ ಅರ್ಧ ಆದ ಎಂಪಿ4 ತೆರೆಯೋದೇ ಇಲ್ಲ, ಅದರ ಸೂಚಿ ಬರೆಯೋದು ಕೊನೆಗೆ. ಉದ್ದದ ಕೆಲಸವನ್ನ ಗಂಟೆಗೊಂದರಂತೆ ಕ್ಯೂಗೆ ಹಾಕಿ, ಹೋದರೆ ಒಂದೇ ತುಂಡು ಹೋಗುತ್ತೆ.

ಸಕ್ಕರೆಸೀಮೆ:
ಸರಿ, ಎಚ್.265 ವಾಪಸ್ ತಗಂಡೆ. ಒಂದು ಮಾತು: ಕ್ಯಾಮೆರಾ 1440×1080 ಮೋಡಲ್ಲಿ ಇತ್ತಾ ನೋಡ್ಕಳಿ. ಅದರ ಪಿಕ್ಸೆಲ್ ಚೌಕ ಇರಲ್ಲ, ಡಿಸ್‌ಪ್ಲೇ 16:9 ಆಗದಿದ್ರೆ ಭೀಮನೂ ಸಣಕಲ ಆಗೋಯ್ತಾನೆ.

ಕನ್ನಂಬಾಡಿ_ಕಟ್ಟೆ:
6 ಗಂಟೆಯನ್ನ ಓಡಿಸೋ ಮುಂಚೆ ರೇಂಜ್‌ನಲ್ಲಿ ಸೆಕೆಂಡ್ಸ್ ಆರಿಸಿ, ಗದಾಯುದ್ಧದ 60 ಸೆಕೆಂಡು ಮಾತ್ರ ತೆಗೀರಿ. ಊರಲ್ಲಿರೋ ಅತಿ ಹಳೇ ಟಿವಿಗೆ ಅದನ್ನ ಹಾಕಿ ನೋಡಿ, ಆಮೇಲೆ ಕ್ಯೂ ಶುರು ಮಾಡಿ.